ಲಿನಕ್ಸ್ ಗಣಕಯಂತ್ರದ ಬೂಟ್ ವೈಫಲ್ಯ

ಲಿನಕ್ಸ್ ಬೂಟ್ ವೈಫಲ್ಯ ಎಂದರೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಿರುವ ಗಣಕಯಂತ್ರವು ಹಠಾತ್ ವಿದ್ಯುತ್ ಕಡಿತ, ಕ್ರ್ಯಾಶ್ ಅಥವಾ ಅರ್ಧಕ್ಕೆ ನಿಂತ ನವೀಕರಣದ ನಂತರ ಲಾಗಿನ್ ಪರದೆಯನ್ನು ತಲುಪದೆ ನಡುವೆಯೇ ನಿಂತುಬಿಡುವ ಸ್ಥಿತಿ. ಕಪ್ಪು ಪರದೆ, ಅರ್ಥವಾಗದ ಇಂಗ್ಲಿಷ್ ಸಾಲುಗಳು ಅಥವಾ ಮಿನುಗುವ ಕರ್ಸರ್ ಇದರ ಹೊರ ಲಕ್ಷಣಗಳು. ಇದನ್ನು ಕಂಡ ಕೂಡಲೇ ಡಿಸ್ಕ್‌ನಲ್ಲಿದ್ದ ಕಡತಗಳೆಲ್ಲ ಹೋದವು ಎಂದು ಭಾವಿಸುವುದು ಸಾಮಾನ್ಯ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಕೆಟ್ಟಿರುವುದು ಕಡತಗಳಲ್ಲ, ಅವುಗಳವರೆಗೆ ತಲುಪಿಸುವ ದಾರಿಯ ಒಂದು ಮೆಟ್ಟಿಲು ಮಾತ್ರ. ಕಡತಗಳು ನಿಜವಾಗಿ ನಾಶವಾಗುವುದು ಅನೇಕ ಬಾರಿ ಆಮೇಲೆ, ಅವಸರದಲ್ಲಿ ಡಿಸ್ಕ್ ಫಾರ್ಮ್ಯಾಟ್ ಮಾಡಿ ವ್ಯವಸ್ಥೆಯನ್ನು ಹೊಸದಾಗಿ ಹಾಕಿದಾಗ.

ಈ ಲೇಖನವು ಡೆಬಿಯನ್ ಮತ್ತು ಉಬುಂಟು ವರ್ಗದ ವಿತರಣೆಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು, ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ಪರಿಸರದ ಬಳಕೆದಾರರನ್ನು ಉದಾಹರಣೆಯಾಗಿ ಇಟ್ಟುಕೊಂಡು ದುರಸ್ತಿಯ ಕ್ರಮವನ್ನು ವಿವರಿಸುತ್ತದೆ. ಆದೇಶಗಳ ಹೆಸರುಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆಯಲಾಗಿದೆ. ಗಣಕದಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಪ್ರಾದೇಶಿಕ ಹಿನ್ನೆಲೆ

ಬೀದರ್ ಕರ್ನಾಟಕದ ಉತ್ತರ ತುದಿಯ ಜಿಲ್ಲೆ. ಜಿಲ್ಲೆಯ ಉತ್ತರ ಅಂಚಿನಲ್ಲಿರುವ ಔರಾದ್ ತಾಲ್ಲೂಕಿಗೆ ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಗಡಿ ತಾಗುತ್ತದೆ. ಇಲ್ಲಿ ಲಿನಕ್ಸ್ ಮುಖ್ಯವಾಗಿ ಎರಡು ದಾರಿಗಳಿಂದ ಬಂದಿದೆ. ಒಂದು, ಸರ್ಕಾರಿ ಪ್ರೌಢಶಾಲೆಗಳು. ರಾಜ್ಯದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮದಲ್ಲಿ, ಅಂದರೆ ‘ಟಾಲ್ಪ್’ನಲ್ಲಿ, ಶಿಕ್ಷಕರ ತರಬೇತಿಗೆ ಉಬುಂಟು ಆಧಾರಿತ ವ್ಯವಸ್ಥೆಯನ್ನು ಬಳಸಲಾಯಿತು. ಇನ್ನೊಂದು, ಎಂಜಿನಿಯರಿಂಗ್ ಕಾಲೇಜುಗಳು. ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಮತ್ತು ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ ಎರಡೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಗಣಕ ವಿಜ್ಞಾನದ ವಿದ್ಯಾರ್ಥಿಗಳು ಪ್ರಯೋಗದ ಪಾಠಗಳಿಗಾಗಿ ತಮ್ಮ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಪಕ್ಕದಲ್ಲಿ ಉಬುಂಟುವನ್ನೂ ಹಾಕಿಕೊಳ್ಳುವುದು ಇಂಥ ಕಾಲೇಜುಗಳಲ್ಲಿ ರೂಢಿಯ ಮಾತು.

ಜಿಲ್ಲೆಗೆ ವಿದ್ಯುತ್ ಪೂರೈಸುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಜೆಸ್ಕಾಂ. ಬೇಸಿಗೆಯ ಕೊನೆಯಲ್ಲಿ ಬರುವ ಗುಡುಗು, ಗಾಳಿ, ಆಲಿಕಲ್ಲು ಮಳೆಯ ದಿನಗಳಲ್ಲಿ ವಿದ್ಯುತ್ ಹೋಗಿ ಬಂದು ಮಾಡುವುದು ಇಲ್ಲಿಯವರಿಗೆ ಹೊಸದಲ್ಲ. ಬ್ಯಾಟರಿಯಿಲ್ಲದ ಮೇಜಿನ ಗಣಕಕ್ಕೆ ಇಂಥ ಪ್ರತಿಯೊಂದು ಕಡಿತವೂ ಒಂದು ಕ್ರ್ಯಾಶ್. ದೂರವೂ ಲೆಕ್ಕಕ್ಕೆ ಬರುತ್ತದೆ. ಭಾಲ್ಕಿಗೆ ಬೀದರಿನಿಂದ ರೈಲು ಉಂಟು, ಔರಾದ್ ಪಟ್ಟಣಕ್ಕೆ ಇಲ್ಲ. ಒಂದು ಡಿಸ್ಕ್ ಅಥವಾ ಪವರ್ ಸಪ್ಲೈ ಕೊಳ್ಳಲು ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕಾದವರಿಗೆ, ಕೆಟ್ಟಿರುವುದು ಯಂತ್ರಾಂಶವೋ ತಂತ್ರಾಂಶವೋ ಎಂದು ಮನೆಯಲ್ಲೇ ತಿಳಿದುಕೊಳ್ಳುವುದರಿಂದ ಒಂದು ದಿನದ ಕೆಲಸ ಉಳಿಯುತ್ತದೆ.

ಬೂಟ್ ಆಗುವ ಕ್ರಮ

ಸ್ವಿಚ್ ಒತ್ತಿದ ಮೇಲೆ ನಿಯಂತ್ರಣವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಹೋಗುತ್ತದೆ. ಮದರ್‌ಬೋರ್ಡಿನಲ್ಲಿರುವ ಬಯೋಸ್ ಅಥವಾ ಯುಇಎಫ್‌ಐ ಎಂಬ ಸ್ಥಿರ ತಂತ್ರಾಂಶವು ಸ್ಮೃತಿ, ಕೀಲಿಮಣೆ, ಡಿಸ್ಕ್‌ಗಳನ್ನು ಪರೀಕ್ಷಿಸಿ ಬೂಟ್ ಲೋಡರನ್ನು ಹುಡುಕುತ್ತದೆ. ಲಿನಕ್ಸ್‌ನಲ್ಲಿ ಇದು ಸಾಮಾನ್ಯವಾಗಿ ಗ್ರಬ್. ಗ್ರಬ್ ಎರಡು ಕಡತಗಳನ್ನು ಸ್ಮೃತಿಗೆ ತರುತ್ತದೆ: ಕರ್ನಲ್ ಮತ್ತು ಇನಿಟ್‌ರಾಮ್‌ಎಫ್‌ಎಸ್. ಎರಡನೆಯದು ಒಂದು ಪುಟ್ಟ ತಾತ್ಕಾಲಿಕ ಕಡತ ವ್ಯವಸ್ಥೆ. ನಿಜವಾದ ಡಿಸ್ಕನ್ನು ಗುರುತಿಸಿ ತೆರೆಯಲು ಬೇಕಾದ ಚಾಲಕಗಳು ಅದರಲ್ಲಿರುತ್ತವೆ. ಮೂಲ ವಿಭಾಗ ತೆರೆದ ಮೇಲೆ ಸಿಸ್ಟಂಡಿ ಎಂಬ ಮೊದಲ ಪ್ರಕ್ರಿಯೆ ಆರಂಭವಾಗಿ, ಉಳಿದ ವಿಭಾಗಗಳನ್ನು ಜೋಡಿಸಿ, ಸೇವೆಗಳನ್ನು ಎಬ್ಬಿಸಿ, ಕೊನೆಗೆ ಚಿತ್ರಾತ್ಮಕ ಲಾಗಿನ್ ಪರದೆಯನ್ನು ತೋರಿಸುತ್ತದೆ.

ದುರಸ್ತಿಯ ಮೊದಲ ಪ್ರಶ್ನೆ ‘ಏನು ಕೆಟ್ಟಿದೆ’ ಎಂಬುದಲ್ಲ, ‘ಎಲ್ಲಿಯವರೆಗೆ ಬಂದು ನಿಂತಿತು’ ಎಂಬುದು. ಗ್ರಬ್ ಪಟ್ಟಿ ಕಾಣಿಸಿಕೊಂಡಿದ್ದರೆ ಡಿಸ್ಕ್ ಪೂರ್ತಿ ಸತ್ತಿಲ್ಲ. ಕರ್ನಲ್‌ನ ಸಾಲುಗಳು ಓಡಿದ್ದರೆ ಗ್ರಬ್ ಸರಿಯಿದೆ. ಲಾಗಿನ್ ಪರದೆ ಬಂದು ಮತ್ತೆ ಅಲ್ಲಿಗೇ ಮರಳುತ್ತಿದ್ದರೆ ಬೂಟ್ ವಾಸ್ತವವಾಗಿ ಮುಗಿದಿದೆ, ತೊಂದರೆ ಚಿತ್ರಾತ್ಮಕ ಪರಿಸರದಲ್ಲಿದೆ. ಪರದೆಯ ಕೊನೆಯ ಸಾಲುಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದು ಚಿಕ್ಕ ಕೆಲಸವಾದರೂ ಬಹಳ ಉಪಯುಕ್ತ. ರೀಸ್ಟಾರ್ಟ್ ಆದ ಮೇಲೆ ಆ ಸಾಲುಗಳು ಮತ್ತೆ ಸಿಗುವ ಖಾತ್ರಿಯಿಲ್ಲ.

ಕ್ರ್ಯಾಶ್‌ನಿಂದ ಕೆಡುವುದೇನು

ಒಂದು ಕಡತವನ್ನು ‘ಸೇವ್’ ಮಾಡಿದ ಕ್ಷಣದಲ್ಲಿ ಅದು ಡಿಸ್ಕಿಗೆ ಹೋಗಿರುವುದಿಲ್ಲ. ಲಿನಕ್ಸ್ ಅದನ್ನು ಮೊದಲು ಸ್ಮೃತಿಯಲ್ಲಿ ಇಟ್ಟುಕೊಂಡು, ಸಾಮಾನ್ಯ ಹೊಂದಿಕೆಯಲ್ಲಿ ಸುಮಾರು 30 ಸೆಕೆಂಡುಗಳೊಳಗೆ ಬರೆಯುತ್ತದೆ. ಆ ಅವಧಿಯಲ್ಲಿ ವಿದ್ಯುತ್ ಹೋದರೆ ಕೊನೆಯ ಬದಲಾವಣೆ ಹೋಗಬಹುದು, ಆದರೆ ನಿನ್ನೆಯ ಕಡತ ಹೋಗುವುದಿಲ್ಲ. ಇಂದಿನ ಹೆಚ್ಚಿನ ವಿತರಣೆಗಳು ಬಳಸುವ ಇಎಕ್ಸ್‌ಟಿ4 ಕಡತ ವ್ಯವಸ್ಥೆಯು ತಾನು ಮಾಡಲಿರುವ ಬದಲಾವಣೆಗಳನ್ನು ಮೊದಲು ಜರ್ನಲ್ ಎಂಬ ದಿನಚರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಬೂಟ್‌ನಲ್ಲಿ ಆ ದಿನಚರಿಯನ್ನು ಓದಿ ಅರ್ಧಕ್ಕೆ ನಿಂತ ಕೆಲಸವನ್ನು ಪೂರ್ತಿಗೊಳಿಸುತ್ತದೆ. ಆದರೆ ಸಾಮಾನ್ಯ ಹೊಂದಿಕೆಯಲ್ಲಿ ಈ ದಿನಚರಿಯಲ್ಲಿ ದಾಖಲಾಗುವುದು ಕಡತದ ಹೆಸರು, ಸ್ಥಾನ, ಗಾತ್ರದಂಥ ವಿವರಗಳು ಮಾತ್ರ, ಒಳಗಿನ ವಿಷಯವಲ್ಲ. ಹಾಗಾಗಿ ಕಡತ ವ್ಯವಸ್ಥೆ ಸುಸ್ಥಿತಿಯಲ್ಲಿದ್ದರೂ ಆ ಹೊತ್ತಿಗೆ ಬರೆಯುತ್ತಿದ್ದ ಒಂದೆರಡು ಕಡತಗಳು ಖಾಲಿಯಾಗಿ ಸಿಗಬಹುದು. ಇಎಕ್ಸ್‌ಟಿ4 ಹೊಸದಾಗಿ ಬಂದ ಕಾಲದಲ್ಲಿ, 2009ರ ಆರಂಭದಲ್ಲಿ, ಕ್ರ್ಯಾಶ್ ನಂತರ ಕಡತಗಳು ಶೂನ್ಯ ಬೈಟ್ ಗಾತ್ರದಲ್ಲಿ ಕಂಡುಬಂದು ದೊಡ್ಡ ಚರ್ಚೆಯೇ ನಡೆಯಿತು. ಕಡತ ವ್ಯವಸ್ಥೆಯ ನಿರ್ವಾಹಕ ಥಿಯೋಡರ್ ತ್ಸೊ ಇದಕ್ಕೆ ಪರಿಹಾರಗಳನ್ನು ಸೇರಿಸಿದರು.

ಕ್ರ್ಯಾಶ್ ನವೀಕರಣದ ನಡುವೆ ಆದಾಗ ಪರಿಣಾಮ ಬೇರೆ. ಹೊಸ ಕರ್ನಲ್ ಬಂದಿರುತ್ತದೆ, ಅದಕ್ಕೆ ತಕ್ಕ ಇನಿಟ್‌ರಾಮ್‌ಎಫ್‌ಎಸ್ ತಯಾರಾಗಿರುವುದಿಲ್ಲ. ಬೂಟ್ ವೈಫಲ್ಯದ ಈ ಬಗೆ ನೋಡಲು ಭಯಂಕರ, ಸರಿಪಡಿಸಲು ಎಲ್ಲಕ್ಕಿಂತ ಸುಲಭ.

ಮೊದಲು ಕಡತಗಳ ಪ್ರತಿ

ದುರಸ್ತಿಯ ಯಾವ ಆದೇಶಕ್ಕೂ ಮುಂಚೆ, ಬೇಕಾದ ಕಡತಗಳನ್ನು ಬೇರೆ ಡಿಸ್ಕಿಗೆ ಪ್ರತಿ ಮಾಡಿಕೊಳ್ಳಬೇಕು. ಶಾಲೆಯ ಗಣಕದಲ್ಲಿ ಅಂಕಪಟ್ಟಿಗಳು, ವಿದ್ಯಾರ್ಥಿಯ ಲ್ಯಾಪ್‌ಟಾಪ್‌ನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್, ಮನೆಯದರಲ್ಲಿ ಮದುವೆಯ ಫೋಟೋಗಳು ಬೇರೆಲ್ಲೂ ಇರದಿರುವುದೇ ಹೆಚ್ಚು. ‘ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡುತ್ತೇವೆ’ ಎಂಬ ಅಂಗಡಿಯ ಸಲಹೆ ತಾಂತ್ರಿಕವಾಗಿ ತಪ್ಪಲ್ಲ; ಅದು ಗಣಕವನ್ನು ಉಳಿಸುತ್ತದೆ, ಅದರೊಳಗಿರುವುದನ್ನು ಉಳಿಸುವುದಿಲ್ಲ. ಗಣಕವನ್ನು ದುರಸ್ತಿಗೆ ಕೊಡುವಾಗ ಡಿಸ್ಕನ್ನು ಅಳಿಸಕೂಡದೆಂದು ಬರೆದು ಕೊಡುವುದು ಒಳ್ಳೆಯದು.

ಪ್ರತಿ ಮಾಡಿಕೊಳ್ಳಲು ‘ಲೈವ್’ ಪೆನ್‌ಡ್ರೈವ್ ಬೇಕು. ಇನ್ನೊಂದು ಗಣಕದಲ್ಲಿ, ಅದು ವಿಂಡೋಸ್ ಆದರೂ ಸರಿ, ಉಬುಂಟುವಿನ ಐಎಸ್‌ಒ ಕಡತವನ್ನು ಇಳಿಸಿಕೊಂಡು ರೂಫಸ್ ಅಥವಾ ಬಲೀನಾ ಎಚರ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯಬೇಕು. ಉಬುಂಟು 24.04ಕ್ಕೆ 8 ಜಿಬಿ ಪೆನ್‌ಡ್ರೈವ್ ಸಾಕು. ಅದರಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆಂಬುದು ನೆನಪಿರಲಿ. ಕೆಟ್ಟ ಗಣಕವನ್ನು ಈ ಪೆನ್‌ಡ್ರೈವಿನಿಂದ ಆರಂಭಿಸಿ, ಅಳವಡಿಸುವ ಆಯ್ಕೆಯನ್ನು ಬಿಟ್ಟು ‘ಪ್ರಯತ್ನಿಸಿ ನೋಡುವ’ ಆಯ್ಕೆಯನ್ನು ಆರಿಸಿದರೆ ಡಿಸ್ಕನ್ನು ಮುಟ್ಟದೆ ಪೂರ್ಣ ಲಿನಕ್ಸ್ ತೆರೆದುಕೊಳ್ಳುತ್ತದೆ. ಕಡತ ನಿರ್ವಾಹಕದಲ್ಲಿ ಹಳೆಯ ಡಿಸ್ಕ್ ಕಾಣಿಸುತ್ತದೆ. ಅದರ ‘ಹೋಮ್’ ಕಡತಕೋಶದಲ್ಲಿ ಬಳಕೆದಾರರ ಕಡತಗಳಿರುತ್ತವೆ. ಡಿಸ್ಕನ್ನು ಗೂಢಲಿಪೀಕರಿಸಿದ್ದರೆ ಅದರ ಗುಪ್ತಪದ ಬೇಕೇ ಬೇಕು. ಅದಿಲ್ಲದೆ ಯಾವ ಅಂಗಡಿಯೂ ಕಡತಗಳನ್ನು ತೆಗೆದುಕೊಡಲಾರದು.

ಡಿಸ್ಕಿನ ಆರೋಗ್ಯದ ಬಗ್ಗೆ ಅನುಮಾನವಿದ್ದರೆ, ಅಂದರೆ ಕಟಕಟ ಶಬ್ದ ಬರುತ್ತಿದ್ದರೆ ಅಥವಾ ಕರ್ನಲ್‌ನ ಸಾಲುಗಳಲ್ಲಿ ‘ಐ/ಒ ಎರರ್’ ಮತ್ತೆ ಮತ್ತೆ ಕಾಣಿಸಿದರೆ, ಕ್ರಮ ಬದಲಾಗುತ್ತದೆ. ‘ಸ್ಮಾರ್ಟ್‌ಸಿಟಿಎಲ್’ ಆದೇಶವು ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಂಡ ದಾಖಲೆಯನ್ನು ತೋರಿಸುತ್ತದೆ. ಅದರಲ್ಲಿ ಬದಲಿ ಹಾಕಿದ ಸೆಕ್ಟರುಗಳ ಸಂಖ್ಯೆ ಮತ್ತು ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. ಇಂಥ ಡಿಸ್ಕಿನ ಮೇಲೆ ಕಡತ ವ್ಯವಸ್ಥೆಯ ದುರಸ್ತಿ ನಡೆಸಬಾರದು; ದುರಸ್ತಿಯ ಹೊರೆಯೇ ಅದನ್ನು ಮುಗಿಸಿಬಿಡಬಹುದು. ಗ್ನೂ ‘ಡಿಡಿರೆಸ್ಕ್ಯೂ’ ಎಂಬ ಸಾಧನವು ಓದಬಲ್ಲ ಭಾಗಗಳನ್ನು ಮೊದಲು ನಕಲು ಮಾಡಿ, ಕೆಟ್ಟ ಭಾಗಗಳನ್ನು ಕೊನೆಗೆ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಬಂದಿತೆಂದು ಒಂದು ನಕ್ಷೆಯ ಕಡತದಲ್ಲಿ ಬರೆದಿಡುವುದರಿಂದ ನಡುವೆ ವಿದ್ಯುತ್ ಹೋದರೂ ಕೆಲಸ ಅಲ್ಲಿಂದಲೇ ಮುಂದುವರಿಯುತ್ತದೆ. ಆಮೇಲಿನ ದುರಸ್ತಿಯೆಲ್ಲ ಆ ನಕಲಿನ ಮೇಲೆ.

ಒಂದು ಸೂಕ್ಷ್ಮವಿದೆ. ಇಎಕ್ಸ್‌ಟಿ4 ವಿಭಾಗವನ್ನು ‘ಓದಲು ಮಾತ್ರ’ ಎಂದು ಮೌಂಟ್ ಮಾಡಿದರೂ, ಅದು ಬಾಕಿ ಉಳಿದ ಜರ್ನಲನ್ನು ಜಾರಿಗೊಳಿಸಲು ಡಿಸ್ಕಿಗೆ ಬರೆಯುತ್ತದೆ. ಏನೂ ಬದಲಾಗಕೂಡದೆಂದಿದ್ದರೆ ‘ನೋಲೋಡ್’ ಆಯ್ಕೆಯನ್ನೂ ಸೇರಿಸಬೇಕು.

ನಿಂತ ಸ್ಥಳ ಮತ್ತು ಪರಿಹಾರ

ಪರದೆಯೇ ಬರದಿದ್ದರೆ

ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಉಳಿದರೆ ಅದು ಲಿನಕ್ಸ್‌ನ ಸಮಸ್ಯೆಯಲ್ಲ. ರ‍್ಯಾಮ್ ಬಿಲ್ಲೆಯನ್ನು ತೆಗೆದು ಅದರ ಅಂಚನ್ನು ಒರೆಸಿ ಮತ್ತೆ ಕೂಡಿಸುವುದು ಮೊದಲ ಹೆಜ್ಜೆ. ಬೀದರಿನ ಜಂಬಿಟ್ಟಿಗೆಯ ಕೆಂಪು ಧೂಳಿಗೂ ಭಾಲ್ಕಿ, ಔರಾದ್ ಕಡೆಯ ಎರೆಮಣ್ಣಿನ ಧೂಳಿಗೂ ಗಣಕದ ಡಬ್ಬಿಯೊಳಗೆ ಒಂದೇ ಕೆಲಸ. ಡಿಸ್ಕಿನ ಸಾಟಾ ತಂತಿ ಸಡಿಲಗೊಂಡಿದ್ದರೆ ‘ಬೂಟ್ ಮಾಡಬಲ್ಲ ಸಾಧನವಿಲ್ಲ’ ಎಂಬರ್ಥದ ಸಂದೇಶ ಬರುತ್ತದೆ.

ಹಳೆಯ ಗಣಕಗಳಲ್ಲಿ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಮುಗಿದಿರುವುದೂ ಒಂದು ಕಾರಣ. ವಿದ್ಯುತ್ ಹೋದಾಗಲೆಲ್ಲ ಗಡಿಯಾರ ಹಳೆಯ ವರ್ಷಕ್ಕೆ ಓಡುತ್ತದೆ, ಬೂಟ್ ಅನುಕ್ರಮವೂ ಕಾರ್ಖಾನೆಯ ಹೊಂದಿಕೆಗೆ ಮರಳಬಹುದು. ಗಡಿಯಾರ ಹಿಂದೆ ಹೋದಾಗ ಡಿಸ್ಕ್ ಪರೀಕ್ಷಕವು ‘ಕೊನೆಯ ಬಾರಿ ಮೌಂಟ್ ಆದ ಸಮಯ ಭವಿಷ್ಯದಲ್ಲಿದೆ’ ಎಂದು ತಕರಾರು ತೆಗೆಯುತ್ತದೆ. ಅಂತರಜಾಲದ ಸುರಕ್ಷಿತ ತಾಣಗಳೂ ತೆರೆಯುವುದಿಲ್ಲ. ಕೆಲವೇ ರೂಪಾಯಿಗಳ ಈ ಬ್ಯಾಟರಿ ಗಡಿಯಾರದಂಗಡಿಯಲ್ಲೂ ಸಿಗುತ್ತದೆ.

ಗ್ರಬ್‌ನಲ್ಲಿ ನಿಂತರೆ

‘ಗ್ರಬ್ ರೆಸ್ಕ್ಯೂ’ ಎಂಬ ಸೂಚಕ ಬಂದರೆ ಗ್ರಬ್ ತನ್ನ ಉಳಿದ ಭಾಗಗಳನ್ನು ಹುಡುಕಲಾಗದೆ ನಿಂತಿದೆ ಎಂದರ್ಥ. ‘ಎಲ್‌ಎಸ್’ ಎಂದರೆ ಅದಕ್ಕೆ ಕಾಣುವ ವಿಭಾಗಗಳ ಪಟ್ಟಿ ಬರುತ್ತದೆ. ಅವುಗಳಲ್ಲಿ ಬೂಟ್ ಕಡತಕೋಶವಿರುವ ವಿಭಾಗವನ್ನು ಕಂಡುಹಿಡಿದು, ‘ಸೆಟ್’ ಆದೇಶದಿಂದ ‘ರೂಟ್’ ಮತ್ತು ‘ಪ್ರಿಫಿಕ್ಸ್’ ಎಂಬ ಎರಡು ಮೌಲ್ಯಗಳನ್ನು ನೀಡಿ, ‘ಇನ್ಸ್‌ಮಾಡ್ ನಾರ್ಮಲ್’ ಮತ್ತು ‘ನಾರ್ಮಲ್’ ಆದೇಶಗಳನ್ನು ಕೊಟ್ಟರೆ ಎಂದಿನ ಪಟ್ಟಿ ತೆರೆಯುತ್ತದೆ. ಇದು ಆ ಒಂದು ಸಲಕ್ಕೆ ಮಾತ್ರ. ಶಾಶ್ವತ ಪರಿಹಾರಕ್ಕೆ, ಒಳಗೆ ಹೋದ ಮೇಲೆ ‘ಗ್ರಬ್-ಇನ್‌ಸ್ಟಾಲ್’ ಮತ್ತು ‘ಅಪ್‌ಡೇಟ್-ಗ್ರಬ್’ ನಡೆಸಬೇಕು. ಬಯೋಸ್ ಮಾದರಿಯ ಗಣಕದಲ್ಲಿ ಮೊದಲನೆಯ ಆದೇಶಕ್ಕೆ ವಿಭಾಗದ ಹೆಸರನ್ನಲ್ಲ, ಇಡೀ ಡಿಸ್ಕಿನ ಹೆಸರನ್ನು ಕೊಡಬೇಕು.

ಹೀಗೂ ಒಳಗೆ ಹೋಗಲಾಗದಿದ್ದರೆ ಲೈವ್ ಪೆನ್‌ಡ್ರೈವಿನಿಂದ ‘ಸಿಎಚ್‌ರೂಟ್’ ವಿಧಾನವಿದೆ. ಹಳೆಯ ಮೂಲ ವಿಭಾಗವನ್ನು ಒಂದು ಕಡತಕೋಶದಲ್ಲಿ ಮೌಂಟ್ ಮಾಡಿ, ಯುಇಎಫ್‌ಐ ಗಣಕವಾದರೆ ಇಎಫ್‌ಐ ವಿಭಾಗವನ್ನೂ ಅದರೊಳಗಿನ ಸ್ಥಾನದಲ್ಲಿ ಜೋಡಿಸಿ, ಲೈವ್ ವ್ಯವಸ್ಥೆಯ ಡೆವ್, ಪ್ರಾಕ್, ಸಿಸ್, ರನ್ ಎಂಬ ನಾಲ್ಕು ಕಡತಕೋಶಗಳನ್ನು ‘ಬೈಂಡ್’ ಮಾಡಿ, ಬಳಿಕ ‘ಸಿಎಚ್‌ರೂಟ್’ ಮಾಡಿದರೆ ಮುಂದಿನ ಆದೇಶಗಳು ಹಳೆಯ ವ್ಯವಸ್ಥೆಯೊಳಗೇ ನಡೆಯುತ್ತವೆ. ಹೊರಗೆ ನಿಂತು ಒಳಗಿನ ಬೀಗ ಸರಿಪಡಿಸುವ ಈ ವಿಧಾನವನ್ನು ಒಮ್ಮೆ ಕಲಿತವರಿಗೆ ಬೂಟ್ ವೈಫಲ್ಯದ ಭಯ ಬಹುಮಟ್ಟಿಗೆ ಹೋಗುತ್ತದೆ. ಯುಇಎಫ್‌ಐ ಬಳಸುವ ಫೆಡೋರಾದಲ್ಲಿ ಮಾತ್ರ ಗ್ರಬ್ ಅಳವಡಿಕೆಯ ಆದೇಶವನ್ನು ನೇರವಾಗಿ ಬಳಸದೆ ಶಿಮ್ ಮತ್ತು ಗ್ರಬ್ ಪ್ಯಾಕೇಜುಗಳನ್ನು ಮರುಅಳವಡಿಸುವುದು ಸರಿಯಾದ ದಾರಿ.

ಕರ್ನಲ್ ಪ್ಯಾನಿಕ್

‘ಮೂಲ ಕಡತ ವ್ಯವಸ್ಥೆಯನ್ನು ಮೌಂಟ್ ಮಾಡಲಾಗಲಿಲ್ಲ, ಅನ್‌ನೋನ್-ಬ್ಲಾಕ್ 0,0’ ಎಂಬರ್ಥದ ಸಾಲಿನೊಂದಿಗೆ ನಿಂತರೆ, ಹೆಚ್ಚಾಗಿ ಹೊಸ ಕರ್ನಲ್‌ಗೆ ಇನಿಟ್‌ರಾಮ್‌ಎಫ್‌ಎಸ್ ಇಲ್ಲ. ಬಯೋಸ್ ಗಣಕದಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು, ಯುಇಎಫ್‌ಐ ಗಣಕದಲ್ಲಿ ಎಸ್ಕೇಪ್ ಕೀಲಿಯನ್ನು ಒತ್ತಿ ಗ್ರಬ್ ಪಟ್ಟಿಯನ್ನು ತರಿಸಿ, ‘ಅಡ್ವಾನ್ಸ್ಡ್’ ಆಯ್ಕೆಗಳ ಒಳಗಿನಿಂದ ಹಿಂದಿನ ಕರ್ನಲನ್ನು ಆರಿಸಬೇಕು. ಉಬುಂಟು ಹಳೆಯದೊಂದನ್ನು ಉಳಿಸಿಕೊಂಡಿರುವುದು ಇಂಥ ದಿನಕ್ಕಾಗಿಯೇ. ಒಳಗೆ ಬಂದ ಮೇಲೆ ‘ಡಿಪಿಕೆಜಿ’ಯ ಬಾಕಿ ಉಳಿದ ಕಾನ್ಫಿಗರ್ ಕೆಲಸವನ್ನು ಪೂರ್ತಿಗೊಳಿಸಿ, ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್’ ಮತ್ತು ‘ಅಪ್‌ಡೇಟ್-ಗ್ರಬ್’ ನಡೆಸಿದರೆ ಸಾಕು. ಇದೇ ಪಟ್ಟಿಯಲ್ಲಿರುವ ‘ರಿಕವರಿ ಮೋಡ್’ ಕೂಡ ಡಿಪಿಕೆಜಿ, ಡಿಸ್ಕ್ ಪರೀಕ್ಷೆ, ಗ್ರಬ್ ನವೀಕರಣಗಳನ್ನು ಪಟ್ಟಿಯ ರೂಪದಲ್ಲೇ ಒದಗಿಸುತ್ತದೆ.

ಇನಿಟ್‌ರಾಮ್‌ಎಫ್‌ಎಸ್ ಸೂಚಕ

ಬಿಸಿಬಾಕ್ಸ್ ಎಂಬ ಹೆಸರಿನ ಕೆಳಗೆ ‘ಇನಿಟ್‌ರಾಮ್‌ಎಫ್‌ಎಸ್’ ಸೂಚಕ ಬಂದು ನಿಲ್ಲುವುದು ವಿದ್ಯುತ್ ಕಡಿತದ ನಂತರ ಕಾಣಿಸುವ ಸಾಮಾನ್ಯ ದೃಶ್ಯ. ಮೇಲಿನ ಸಾಲುಗಳಲ್ಲಿ ‘ಎಫ್‌ಎಸ್‌ಸಿಕೆಯನ್ನು ಕೈಯಾರೆ ನಡೆಸಿ’ ಎಂಬ ಸೂಚನೆಯೂ ವಿಭಾಗದ ಹೆಸರೂ ಇರುತ್ತವೆ. ಎಫ್‌ಎಸ್‌ಸಿಕೆ ಎಂದರೆ ಕಡತ ವ್ಯವಸ್ಥೆಯ ಪರೀಕ್ಷಕ. ಎಲ್ಲ ಪ್ರಶ್ನೆಗಳಿಗೂ ಹೌದು ಎನ್ನುವ ‘ವೈ’ ಆಯ್ಕೆಯೊಂದಿಗೆ ಆ ವಿಭಾಗದ ಹೆಸರನ್ನು ಕೊಟ್ಟು ಅದನ್ನು ನಡೆಸಿ, ‘ಎಕ್ಸಿಟ್’ ಎಂದರೆ ಬೂಟ್ ಮುಂದುವರಿಯುತ್ತದೆ. ಸೂಪರ್‌ಬ್ಲಾಕ್ ಎಂಬ ಮೂಲ ದಾಖಲೆಯೇ ಕೆಟ್ಟಿದ್ದರೆ ಇಎಕ್ಸ್‌ಟಿ4 ಅದರ ಪ್ರತಿಗಳನ್ನು ಬೇರೆ ಕಡೆಗಳಲ್ಲೂ ಇಟ್ಟಿರುತ್ತದೆ. 4 ಕೆಬಿ ಬ್ಲಾಕುಗಳ ವಿಭಾಗದಲ್ಲಿ ಮೊದಲ ಪ್ರತಿ 32768ನೇ ಬ್ಲಾಕಿನಲ್ಲಿ ಸಿಗುತ್ತದೆ.

ಎಫ್‌ಎಸ್‌ಸಿಕೆಯನ್ನು ಮೌಂಟ್ ಆಗಿ ಬಳಕೆಯಲ್ಲಿರುವ ವಿಭಾಗದ ಮೇಲೆ ಎಂದಿಗೂ ನಡೆಸಬಾರದು. ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಗೆ ಅದು ಏನೂ ಮಾಡುವುದಿಲ್ಲ. ಅಲ್ಲಿ ಮೊದಲು ಒಮ್ಮೆ ಮೌಂಟ್ ಮಾಡಿ ದಿನಚರಿ ಜಾರಿಯಾಗಲು ಬಿಟ್ಟು, ನಂತರವೇ ಎಕ್ಸ್‌ಎಫ್‌ಎಸ್‌ನ ಸ್ವಂತ ದುರಸ್ತಿ ಸಾಧನವನ್ನು ಬಳಸಬೇಕು. ಬಿಟಿಆರ್‌ಎಫ್‌ಎಸ್‌ನಲ್ಲಿ ‘ರಿಪೇರ್’ ಎಂಬ ಆಕರ್ಷಕ ಆಯ್ಕೆ ಇದ್ದರೂ, ಬಲ್ಲವರು ಹೇಳದೆ ಅದನ್ನು ಒತ್ತಬಾರದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ.

ಎಮರ್ಜೆನ್ಸಿ ಮೋಡ್

ಸುಮಾರು ಒಂದೂವರೆ ನಿಮಿಷ ಕಾದು ‘ಎಮರ್ಜೆನ್ಸಿ ಮೋಡ್’ ಎಂದರೆ ಸಿಸ್ಟಂಡಿಗೆ ಯಾವುದೋ ವಿಭಾಗ ಸಿಕ್ಕಿಲ್ಲ. ಇಟಿಸಿ ಕಡತಕೋಶದ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಮೌಂಟ್ ಆಗಬೇಕಾದ ವಿಭಾಗಗಳ ಪಟ್ಟಿ ಇದೆ. ತೆಗೆದುಹಾಕಿದ ಎರಡನೇ ಡಿಸ್ಕ್ ಅಥವಾ ಫಾರ್ಮ್ಯಾಟ್ ಆಗಿ ಗುರುತಿನ ಸಂಖ್ಯೆ ಬದಲಾದ ವಿಭಾಗ ಅದರಲ್ಲಿ ಉಳಿದುಕೊಂಡಿದ್ದರೆ ಬೂಟ್ ನಿಲ್ಲುತ್ತದೆ. ‘ಬಿಎಲ್‌ಕೆಐಡಿ’ ಆದೇಶ ತೋರಿಸುವ ನಿಜವಾದ ಸಂಖ್ಯೆಗಳೊಂದಿಗೆ ಹೋಲಿಸಿ, ತಪ್ಪಾದ ಸಾಲಿನ ಮೊದಲಿಗೆ ಹ್ಯಾಶ್ ಚಿಹ್ನೆ ಹಾಕಿದರೆ ಆ ಸಾಲು ನಿಷ್ಕ್ರಿಯವಾಗುತ್ತದೆ. ಹೊರಗಿನ ಡಿಸ್ಕುಗಳಿಗೆ ‘ನೋಫೇಲ್’ ಆಯ್ಕೆ ಸೇರಿಸಿದರೆ ಅವು ಇಲ್ಲದಿದ್ದರೂ ಗಣಕ ಆರಂಭವಾಗುತ್ತದೆ. ಹಿಂದಿನ ಬೂಟ್‌ನಲ್ಲಿ ಏನಾಯಿತೆಂದು ತಿಳಿಯಲು ‘ಜರ್ನಲ್‌ಸಿಟಿಎಲ್’ ಆದೇಶಕ್ಕೆ ಬಿ ಮತ್ತು ಋಣ ಒಂದು ಎಂಬ ಆಯ್ಕೆಗಳನ್ನು ಕೊಡಬೇಕು.

ಲಾಗಿನ್ ಪರದೆಯಲ್ಲಿ ಸುತ್ತಾಡಿದರೆ

ಗುಪ್ತಪದ ಕೊಟ್ಟ ಕೂಡಲೇ ಮತ್ತೆ ಅದೇ ಪರದೆ ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಡಿಸ್ಕ್ ತುಂಬಿದೆಯೇ ಎಂದು. ಕಂಟ್ರೋಲ್, ಆಲ್ಟ್ ಮತ್ತು ಎಫ್3 ಒತ್ತಿ ಪಠ್ಯ ಪರದೆಗೆ ಹೋಗಿ ‘ಡಿಎಫ್’ ಆದೇಶದಿಂದ ಪರೀಕ್ಷಿಸಬಹುದು. ಎಪಿಟಿಯ ಸಂಗ್ರಹವನ್ನೂ ಹಳೆಯ ಕರ್ನಲ್‌ಗಳನ್ನೂ ತೆಗೆದರೆ ಜಾಗ ಸಿಗುತ್ತದೆ. ಎನ್‌ವಿಡಿಯಾ ಚಾಲಕ ಹೊಸ ಕರ್ನಲ್‌ಗೆ ಹೊಂದದಿದ್ದರೂ ಹೀಗಾಗುತ್ತದೆ. ಗ್ರಬ್‌ನಲ್ಲಿ ‘ಇ’ ಒತ್ತಿ ಕರ್ನಲ್‌ನ ಸಾಲಿಗೆ ‘ನೋಮೋಡ್‌ಸೆಟ್’ ಸೇರಿಸಿ ತಾತ್ಕಾಲಿಕವಾಗಿ ಒಳಹೋಗಬಹುದು.

ಕನ್ನಡ ಬಳಕೆದಾರರ ವಿಶೇಷ ತೊಡಕುಗಳು

ದುರಸ್ತಿ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಇಲ್ಲದ ಕೆಲವು ವಿಷಯಗಳು ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎದುರಾಗುತ್ತವೆ. ಲಿನಕ್ಸ್‌ನ ಪಠ್ಯ ಪರದೆಯು ಕನ್ನಡದಂಥ ಕೂಡಕ್ಷರಗಳ ಲಿಪಿಯನ್ನು ತೋರಿಸಲಾರದು. ಗಣಕದ ಭಾಷೆಯನ್ನು ಕನ್ನಡಕ್ಕೆ ಹೊಂದಿಸಿದ್ದರೆ ತಿಂಗಳ ಹೆಸರುಗಳು ಮತ್ತು ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಅಲ್ಲಿ ಬರೀ ಚೌಕಗಳಾಗಿ ಕಾಣುತ್ತವೆ. ಇದನ್ನು ನೋಡಿ ಕಡತಗಳು ಹಾಳಾಗಿವೆ ಎಂದುಕೊಳ್ಳಬಾರದು. ಹೆಸರು ಡಿಸ್ಕಿನಲ್ಲಿ ಸರಿಯಾಗಿಯೇ ಇದೆ, ತೋರಿಸುವ ಪರದೆಗೆ ಅಕ್ಷರ ಗೊತ್ತಿಲ್ಲ. ಅಂಥ ಹೆಸರನ್ನು ಟೈಪ್ ಮಾಡಲು ಹೋಗದೆ ಇಡೀ ಕಡತಕೋಶವನ್ನೇ ಪ್ರತಿ ಮಾಡುವುದು ಅಥವಾ ಲೈವ್ ವ್ಯವಸ್ಥೆಯ ಚಿತ್ರಾತ್ಮಕ ಪರದೆಯಿಂದ ಕೆಲಸ ಮಾಡುವುದು ಸುಲಭ.

ಎಫ್‌ಎಸ್‌ಸಿಕೆ ನಡೆದ ಮೇಲೆ ಹೆಸರು ಕಳೆದುಕೊಂಡ ಕಡತಗಳು ಆ ವಿಭಾಗದ ‘ಲಾಸ್ಟ್+ಫೌಂಡ್’ ಕಡತಕೋಶದಲ್ಲಿ ಹ್ಯಾಶ್ ಚಿಹ್ನೆಯ ಮುಂದೆ ಒಂದು ಸಂಖ್ಯೆಯ ಹೆಸರಿನಲ್ಲಿ ಸೇರಿರುತ್ತವೆ. ‘ಫೈಲ್’ ಎಂಬ ಆದೇಶವು ಪ್ರತಿಯೊಂದೂ ಚಿತ್ರವೋ ದಾಖಲೆಯೋ ಎಂದು ಹೇಳುತ್ತದೆ. ಒಳಗಿನ ಪದವೊಂದನ್ನು ‘ಗ್ರೆಪ್’ನಿಂದ ಹುಡುಕುವುದು ಮುಂದಿನ ಯೋಚನೆ. ಇಲ್ಲಿ ಹಳೆಯ ನುಡಿ, ಬರಹ ದಾಖಲೆಗಳ ತೊಡಕು ಎದುರಾಗುತ್ತದೆ. ಯೂನಿಕೋಡ್‌ಗೆ ಮುಂಚಿನ ಆ ದಾಖಲೆಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಸಂಕೇತಗಳ ಮರೆಯಲ್ಲಿ ಫಾಂಟಿನ ಬಲದಿಂದ ಕಾಣಿಸುತ್ತಿದ್ದವು. ಹಾಗಾಗಿ ‘ಅಂಕಪಟ್ಟಿ’ ಎಂದು ಯೂನಿಕೋಡಿನಲ್ಲಿ ಹುಡುಕಿದರೆ ಅವು ಸಿಗುವುದಿಲ್ಲ. ಲಿಬ್ರೆಆಫೀಸ್‌ನ ಒಡಿಟಿ ಕಡತಗಳೂ ಸಿಗುವುದಿಲ್ಲ, ಏಕೆಂದರೆ ಅವು ಒಳಗೆ ಜಿಪ್ ಆಗಿ ಕುಗ್ಗಿರುತ್ತವೆ. ಅವನ್ನು ಬಿಚ್ಚಿ ನೋಡಬೇಕು, ಅಥವಾ ಹೆಸರಿಗೆ ಒಡಿಟಿ ವಿಸ್ತರಣೆ ಸೇರಿಸಿ ಒಂದೊಂದಾಗಿ ತೆರೆಯಬೇಕು. ವಿಭಾಗವೇ ಅಳಿಸಿಹೋಗಿದ್ದರೆ ಟೆಸ್ಟ್‌ಡಿಸ್ಕ್ ಮತ್ತು ಫೋಟೋರೆಕ್ ಎಂಬ ಮುಕ್ತ ಸಾಧನಗಳು ಉಪಯೋಗಕ್ಕೆ ಬರುತ್ತವೆ. ಫೋಟೋರೆಕ್ ಕಡತಗಳ ಮೂಲ ಹೆಸರುಗಳನ್ನು ತರಲಾರದು.

ನವೀಕರಣದಿಂದಲೇ ಬಂದ ವೈಫಲ್ಯಗಳು

ಎಲ್ಲ ಬೂಟ್ ವೈಫಲ್ಯಗಳಿಗೂ ಬಳಕೆದಾರರಾಗಲಿ ವಿದ್ಯುತ್ತಾಗಲಿ ಕಾರಣವಲ್ಲ. 2020ರ ಜುಲೈಯಲ್ಲಿ ಗ್ರಬ್‌ನ ‘ಬೂಟ್‌ಹೋಲ್’ ಎಂಬ ಭದ್ರತಾ ದೋಷಕ್ಕೆ ಬಂದ ಪರಿಹಾರವೇ ರೆಡ್ ಹ್ಯಾಟ್ ಮತ್ತು ಸೆಂಟ್‌ಒಎಸ್‌ನ ಅನೇಕ ಗಣಕಗಳನ್ನು ಬೂಟ್ ಆಗದಂತೆ ಮಾಡಿತು. 2023ರ ಡಿಸೆಂಬರ್‌ನಲ್ಲಿ 6.1.64 ಕರ್ನಲ್‌ನಲ್ಲಿ ಇಎಕ್ಸ್‌ಟಿ4 ದತ್ತಾಂಶವನ್ನು ಕೆಡಿಸಬಲ್ಲ ದೋಷ ಕಂಡುಬಂದು, ಡೆಬಿಯನ್ 12.3ರ ಬಿಡುಗಡೆಯನ್ನು ತಡೆಹಿಡಿದು 12.4ನ್ನು ಹೊರತರಲಾಯಿತು. ವಿದ್ಯಾರ್ಥಿಗಳನ್ನು ಹೆಚ್ಚು ಕಾಡಬಲ್ಲದ್ದು 2024ರ ಆಗಸ್ಟ್‌ನದು. ಮೈಕ್ರೋಸಾಫ್ಟ್‌ನ ಒಂದು ವಿಂಡೋಸ್ ನವೀಕರಣವು ಸೆಕ್ಯೂರ್ ಬೂಟ್‌ನ ನಿಷೇಧ ನಿಯಮಗಳನ್ನು ಬದಲಿಸಿದ್ದರಿಂದ, ವಿಂಡೋಸ್ ಪಕ್ಕದಲ್ಲಿದ್ದ ಲಿನಕ್ಸ್ ‘ಎಸ್‌ಬಿಎಟಿ ಪರೀಕ್ಷೆ ವಿಫಲ’ ಎಂಬ ಸಂದೇಶದೊಂದಿಗೆ ನಿಂತಿತು. ಡಿಸ್ಕಿನಲ್ಲಿ ಏನೂ ಕೆಟ್ಟಿರಲಿಲ್ಲ. ಯುಇಎಫ್‌ಐ ಹೊಂದಿಕೆಯಲ್ಲಿ ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಲಿನಕ್ಸ್‌ನ ಶಿಮ್ ಪ್ಯಾಕೇಜನ್ನು ನವೀಕರಿಸುವುದು ದಾರಿಯಾಗಿತ್ತು.

ವಿದ್ಯುತ್ ಮತ್ತು ಸುರಕ್ಷಿತ ನಿಲುಗಡೆ

ಗಣಕದ ಪವರ್ ಸಪ್ಲೈ ವಿದ್ಯುತ್ ಹೋದ ಮೇಲೂ ಸುಮಾರು 16 ಮಿಲಿಸೆಕೆಂಡು ಗಣಕವನ್ನು ಎತ್ತಿಹಿಡಿಯುವಂತೆ ರಚಿತವಾಗಿರುತ್ತದೆ. ಮನೆಯ ಇನ್ವರ್ಟರ್ ಸಾಮಾನ್ಯ ಮೋಡ್‌ನಲ್ಲಿ ಇದಕ್ಕಿಂತ ನಿಧಾನವಾಗಿ ಬದಲಾಗುವುದುಂಟು. ಇನ್ವರ್ಟರ್ ಇದ್ದರೂ ಗಣಕ ರೀಸ್ಟಾರ್ಟ್ ಆಗುತ್ತದೆಂಬ ದೂರಿಗೆ ಇದೇ ಕಾರಣ. ಹೆಚ್ಚಿನ ಇನ್ವರ್ಟರ್‌ಗಳ ಹಿಂದೆ ‘ಯುಪಿಎಸ್ ಮೋಡ್’ ಎಂಬ ಗುಂಡಿ ಇರುತ್ತದೆ. ಅದನ್ನು ಬದಲಿಸಿದರೆ ಖರ್ಚಿಲ್ಲದೆ ಪರಿಹಾರ ಸಿಗಬಹುದು. ಯುಎಸ್‌ಬಿ ತಂತಿಯಿಂದ ಗಣಕಕ್ಕೆ ಜೋಡಿಸುವ ಯುಪಿಎಸ್‌ಗಳಲ್ಲಿ ಬ್ಯಾಟರಿ ಮುಗಿಯುವ ಮೊದಲೇ ಲಿನಕ್ಸನ್ನು ತಾನಾಗಿ ನಿಲ್ಲಿಸುವ ತಂತ್ರಾಂಶಗಳಿವೆ. ಮಿಂಚಿನ ಹೊತ್ತಿನಲ್ಲಿ ಮಾತ್ರ ಯುಪಿಎಸ್ ನೆಚ್ಚಿಕೊಳ್ಳದೆ ಪ್ಲಗ್ಗನ್ನೂ ನೆಟ್‌ವರ್ಕ್ ತಂತಿಯನ್ನೂ ಕಿತ್ತಿಡಬೇಕು.

ಗಣಕ ಹೆಪ್ಪುಗಟ್ಟಿದಂತೆ ನಿಂತು ಮೌಸ್ ಸಹ ಅಲುಗಾಡದಿದ್ದಾಗಲೂ ಕರ್ನಲ್ ಬದುಕಿರಬಹುದು. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಒತ್ತಿಹಿಡಿದು, ನಡುನಡುವೆ ಒಂದೆರಡು ಸೆಕೆಂಡು ಬಿಟ್ಟು ಎಸ್, ಯು, ಬಿ ಎಂದು ಒತ್ತಿದರೆ, ಸ್ಮೃತಿಯಲ್ಲಿದ್ದದ್ದು ಡಿಸ್ಕಿಗೆ ಬರೆಯಲ್ಪಟ್ಟು, ವಿಭಾಗಗಳು ಓದಲು ಮಾತ್ರ ಎಂದಾಗಿ, ಗಣಕ ರೀಸ್ಟಾರ್ಟ್ ಆಗುತ್ತದೆ. ಉಬುಂಟುವಿನ ಸಾಮಾನ್ಯ ಹೊಂದಿಕೆಯಲ್ಲಿ ಈ ಮೂರು ಅಕ್ಷರಗಳಿಗೆ ಅನುಮತಿ ಇದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪ್ರಿಂಟ್ ಸ್ಕ್ರೀನ್‌ಗೆ ಎಫ್‌ಎನ್ ಕೀಲಿಯನ್ನೂ ಸೇರಿಸಬೇಕಾಗುತ್ತದೆ.